ಹನಿ ಮುಳುಗಿತು, ಬಾವಿ ಬತ್ತಿತ್ತು

ರಕ್ತದಾನ ಶಿಬಿರದ ಮೇಜಿನ ಮೇಲೆ ತಾಮ್ರದ ಸಲ್ಫೇಟಿನ ನೀಲಿ ದ್ರಾವಣ ಇಟ್ಟಿರುತ್ತಾರೆ. ಬೆರಳು ಚುಚ್ಚಿ ತೆಗೆದ ಹನಿ ಅದರಲ್ಲಿ ಸರಕ್ಕನೆ ಮುಳುಗಿದರೆ ಹಿಮೋಗ್ಲೋಬಿನ್ 12.5ಕ್ಕೆ ಕಡಿಮೆಯಿಲ್ಲ ಎಂದರ್ಥ. ತೇಲಿದರೆ ಮನೆಗೆ ಹೋಗು ಎಂದರ್ಥ. ಐದು ವರ್ಷ, ಮೂರು ತಿಂಗಳಿಗೊಮ್ಮೆ ಕೊಟ್ಟೆ. ನನ್ನ ಹನಿ ಒಮ್ಮೆಯೂ ತೇಲಲಿಲ್ಲ. ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ನನಗೆ ಆ ಹನಿಯ ಬಗ್ಗೆ ತುಸು ಜಂಬವೇ ಇತ್ತು.

ಇಪ್ಪತ್ತನೆಯ ಸಲ ಕೊಟ್ಟ ಮೇಲೆ ಅಂತರಗಂಗೆಯ ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ಕೂರುವಂತಾಯಿತು. ನಲವತ್ತೆರಡಾಯಿತಲ್ಲ, ವಯಸ್ಸಿನದೇ ಇರಬೇಕು ಎಂದುಕೊಂಡೆ. ರಾತ್ರಿ ಕಾಲುಗಳು ಸುಮ್ಮನಿರುತ್ತಿರಲಿಲ್ಲ. ಐಸ್ ಅಗಿಯುವ ಚಪಲ ಬೇರೆ. ಕಬ್ಬಿನ ಹಾಲಿನ ಗಾಡಿಯವನು, “ಅಣ್ಣಾ, ನಿಮಗೆ ಹಾಲು ಯಾಕೆ, ಬರೀ ಐಸ್ ಕೊಡಲೇ?” ಎಂದು ನಗುತ್ತಿದ್ದ.

ಕೊನೆಗೆ ವೈದ್ಯರ ಬಳಿ ಹೋದೆ. ಹಿಮೋಗ್ಲೋಬಿನ್ 12.8 ಬಂತು. ದಾನಕ್ಕೆ ಸಾಕು, ಗಂಡಸಿಗೆ ಸ್ವಲ್ಪ ಕಡಿಮೆಯೇ. ದೇಹ ಕೂಡಿಟ್ಟ ಕಬ್ಬಿಣದ ಅಳತೆಯಾದ ಫೆರಿಟಿನ್ ಮಾತ್ರ 8 ಇತ್ತು. ಅದು 15ಕ್ಕಿಂತ ಇಳಿದರೆ ಕಬ್ಬಿಣದ ದಾಸ್ತಾನು ಖಾಲಿ ಎಂದೇ ಲೆಕ್ಕ. ಹೊಟ್ಟೆಯೊಳಗೆ ಎಲ್ಲಾದರೂ ರಕ್ತ ಸೋರುತ್ತಿದೆಯೇ ಎಂದು ಅವರು ಮೊದಲು ಪರೀಕ್ಷೆ ಮಾಡಿಸಿದರು. ಏನೂ ಸಿಗಲಿಲ್ಲ. ದಾನದ ಸಂಗತಿಯನ್ನು ನಾನು ಹೇಳಿದ್ದು ಆಮೇಲೆ, ಅದೂ ಹೆಮ್ಮೆಯಿಂದ!

ಕೋಲಾರದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಪಿನಲ್ಲಿ ನೀರು ಕಾಣುತ್ತದೆ, ಕೊಳವೆಬಾವಿ ತಳ ಕಂಡಿರುತ್ತದೆ. ನೀಲಿ ದ್ರಾವಣ ನೋಡುವುದು ಸಂಪನ್ನು ಮಾತ್ರ.

ಮಂಡಿಯ ಲೆಕ್ಕ ಹಾಕಿದೆ. 450 ಮಿಲಿಲೀಟರ್ ರಕ್ತದೊಂದಿಗೆ ಸುಮಾರು 200 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ; ವರ್ಷಕ್ಕೆ ನಾಲ್ಕು ಸಲವೆಂದರೆ 800. ಊಟದಿಂದ ದೇಹ ಹೀರಿಕೊಳ್ಳುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ. ಕೊರತೆ ಬಿದ್ದಾಗ ಇನ್ನಷ್ಟು ಹೀರುತ್ತದೆ, ಆದರೆ ದಿನದ ಖರ್ಚೂ ಒಂದು ಮಿಲಿಗ್ರಾಂ ಇದ್ದೇ ಇದೆ. ನಮ್ಮಲ್ಲಿ ಗಂಡಸರು 90 ದಿನ, ಹೆಂಗಸರು 120 ದಿನ ಬಿಟ್ಟು ಕೊಡಬಹುದು. ಅದು ಕನಿಷ್ಠ ಅಂತರ. ನಾನು ಅದನ್ನೇ ವ್ರತವೆಂದು ಹಿಡಿದಿದ್ದೆ. ನನ್ನ ಊಟದ ಜಮೆಗೆ ಆ ಖರ್ಚು ಸರಿಹೊಂದಲಿಲ್ಲ. ರಕ್ತ ಕೊಟ್ಟರೆ ಹೃದಯಾಘಾತವೇ ಆಗುವುದಿಲ್ಲ ಎಂದು ನಾನೇ ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಅದಕ್ಕೆ ಗಟ್ಟಿಯಾದ ಪುರಾವೆ ಇಲ್ಲವೆಂದು ವೈದ್ಯರು ನಕ್ಕರು.

ಕಬ್ಬಿಣದ ಮಾತ್ರೆಯನ್ನು ದಿನ ಬಿಟ್ಟು ದಿನ, ಖಾಲಿ ಹೊಟ್ಟೆಗೆ, ನಿಂಬೆ ನೀರಿನೊಂದಿಗೆ ನುಂಗಿದೆ. ಮಲ ಕಪ್ಪಾಯಿತು, ಮಲಬದ್ಧತೆ ಕಾಡಿತು. ಆದರೆ ಎರಡೇ ವಾರಕ್ಕೆ ಐಸಿನ ಚಪಲ ಹೋಯಿತು. ಆರು ತಿಂಗಳಿಗೆ ಫೆರಿಟಿನ್ 41ಕ್ಕೆ ಏರಿತು. ಈಗ ವರ್ಷಕ್ಕೆ ಎರಡೇ ಸಲ ಕೊಡುತ್ತೇನೆ, ಒಮ್ಮೆ ಫೆರಿಟಿನ್ ನೋಡಿಸುತ್ತೇನೆ.

ಕಷ್ಟವಾಗಿದ್ದು ಚಹಾ. ಊಟದ ಜೊತೆಗೆ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಮುದ್ದೆ, ಸೊಪ್ಪಿನ ಸಾರು ಮುಗಿದ ಕೂಡಲೇ ಮಂಡಿಯ ಹುಡುಗ ಲೋಟ ತಂದಿಡುತ್ತಾನೆ. ಬೇಡವೆಂದರೆ ಅವನಿಗೆ ಬೇಸರ. ಹಾಗಾಗಿ ತೆಗೆದುಕೊಂಡು ಲೆಕ್ಕದ ಪುಸ್ತಕದ ಪಕ್ಕ ಇಡುತ್ತೇನೆ. ಅದು ಕೆನೆಗಟ್ಟಿ ತಣ್ಣಗಾಗುತ್ತದೆ.