ನಾಯಿಗೆ ಉಣ್ಣಿ ಜ್ವರ: ನಾಟಿ ಮದ್ದೋ, ಆಸ್ಪತ್ರೆಯ ಮಾತ್ರೆಯೋ?

ನಿನ್ನೆವರೆಗೆ ಗೇಟಿನ ಸದ್ದಿಗೇ ಓಡಿಬರುತ್ತಿದ್ದ ನಾಯಿ ಇವತ್ತು ತಟ್ಟೆಗೆ ಮುಖ ತಿರುಗಿಸಿ ಮಲಗಿದೆ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಕಾಣುತ್ತಿದೆ. ಮಲೆನಾಡಿನವರು ಇದನ್ನೇ ಉಣುಗು ಅನ್ನುತ್ತಾರೆ. ಪಕ್ಕದ ಮನೆಯವರು ಪಪ್ಪಾಯಿ ಎಲೆಯ ರಸ ಕುಡಿಸಿ ಅನ್ನುತ್ತಾರೆ, ಇನ್ನೊಬ್ಬರು ಹೋಮಿಯೋಪತಿ ಹನಿ ಹೇಳುತ್ತಾರೆ, ಡಾಕ್ಟರು 28 ದಿನದ ಮಾತ್ರೆ ಬರೆದುಕೊಡುತ್ತಾರೆ. ಯಾವುದನ್ನು ಆರಿಸಬೇಕು ಎಂದು ಗೊತ್ತಾಗಬೇಕಾದರೆ ಮೊದಲು ರೋಗ ಯಾವುದು, ಅದು ಎಷ್ಟು ಮುಂದೆ ಹೋಗಿದೆ ಎಂದು ಗೊತ್ತಾಗಬೇಕು. ಅಲ್ಲಿಂದಲೇ ಶುರು ಮಾಡೋಣ.

1. ಮನೆಯಲ್ಲಿ ಐದು ನಿಮಿಷದ ತಪಾಸಣೆ

ಮೂಗು ಒಣಗಿದೆಯೇ ಎಂದು ಮುಟ್ಟಿ ನೋಡುವುದರಿಂದ ಏನೂ ತಿಳಿಯುವುದಿಲ್ಲ. ಡಿಜಿಟಲ್ ಥರ್ಮಾಮೀಟರಿನ ತುದಿಗೆ ಕೊಬ್ಬರಿ ಎಣ್ಣೆ ಸವರಿ ಗುದದ್ವಾರದೊಳಗೆ ಸುಮಾರು 2 ಸೆಂ.ಮೀ. ಇಡಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ನಾಯಿಗೆ ಸಹಜ. ಮನುಷ್ಯರ ಲೆಕ್ಕ ಹಿಡಿದು 101 ಕಂಡ ಕೂಡಲೇ ಗಾಬರಿಯಾಗಬೇಡಿ. 104 ದಾಟಿದರೆ ಅಥವಾ 99ಕ್ಕಿಂತ ಕೆಳಗಿಳಿದರೆ ತಡ ಮಾಡಬೇಡಿ.

ಆಮೇಲೆ ತುಟಿ ಎತ್ತಿ ವಸಡು ನೋಡಿ. ಬೆರಳಿನಿಂದ ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ವಸಡು ಬಿಳುಚಿದ್ದರೆ, ಹಳದಿಯಾಗಿದ್ದರೆ, ಮೂಗಿನಿಂದ ರಕ್ತ ಬರುತ್ತಿದ್ದರೆ, ಹೊಟ್ಟೆಯ ತೆಳು ಚರ್ಮದ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳಿದ್ದರೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಆಯ್ಕೆಯ ಪ್ರಶ್ನೆಯೇ ಇಲ್ಲ. ಆ ದಿನವೇ ಆಸ್ಪತ್ರೆಗೆ ಒಯ್ಯಿರಿ. ಇಷ್ಟು ಹೊತ್ತಿಗೆ ರಕ್ತ ಒಡೆಯುತ್ತಲೋ ಸೋರುತ್ತಲೋ ಇರುತ್ತದೆ; ಕಷಾಯ ಕುದಿಸುತ್ತ ಕೂರುವ ಸಮಯ ಇದಲ್ಲ.

ಮನೆಯಲ್ಲಿರುವ ಜ್ವರದ ಮಾತ್ರೆಯನ್ನು ಕೈಗೆತ್ತಿಕೊಳ್ಳಲೇಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ರಕ್ತ ಹೆಪ್ಪುಗಟ್ಟಿಸುವ ಕಣ ಅಂದರೆ ಪ್ಲೇಟ್‌ಲೆಟ್ ಕಡಿಮೆಯಿದ್ದಾಗ ರಕ್ತಸ್ರಾವ ಹೆಚ್ಚಿಸುತ್ತವೆ.

2. ಮದ್ದಿಗೆ ಮೊದಲು ರಕ್ತ ಪರೀಕ್ಷೆ

ಉಣ್ಣಿ ಜ್ವರ ಎನ್ನುವುದು ಒಂದೇ ರೋಗವಲ್ಲ. ನಮ್ಮಲ್ಲಿ ಹೆಚ್ಚಾಗಿ ಕಾಣುವವು ಎರಡು: ಬಿಳಿ ರಕ್ತಕಣದೊಳಗೆ ಸೇರುವ ಎರ್ಲಿಕಿಯಾ ಬ್ಯಾಕ್ಟೀರಿಯಾ, ಕೆಂಪು ರಕ್ತಕಣ ಒಡೆಯುವ ಬಬೇಸಿಯಾ ಪರಾವಲಂಬಿ. ಒಂದರ ಔಷಧಿ ಇನ್ನೊಂದಕ್ಕೆ ಸಾಲದು, ಒಂದೇ ನಾಯಿಗೆ ಎರಡೂ ಇರಬಹುದು. ಹೀಗಾಗಿ ಯಾವ ಪದ್ಧತಿಗೆ ಹೋದರೂ ಈ ಪರೀಕ್ಷೆ ತಪ್ಪಿಸಬೇಡಿ.

ಕೇಳಬೇಕಾದ್ದು: ಪೂರ್ಣ ರಕ್ತಕಣ ಎಣಿಕೆ ಮತ್ತು ಗಾಜಿನ ಮೇಲೆ ರಕ್ತ ಲೇಪಿಸಿ ನೋಡುವ ಸ್ಮಿಯರ್. ಪ್ಲೇಟ್‌ಲೆಟ್ ಸಹಜವಾಗಿ 2ರಿಂದ 5 ಲಕ್ಷ, ಕೆಂಪು ಕಣಗಳ ಪಾಲು ಅಂದರೆ ಪಿಸಿವಿ 37ರಿಂದ 55 ಶೇಕಡಾ. ಯಂತ್ರ ಪ್ಲೇಟ್‌ಲೆಟ್ ಕಡಿಮೆ ತೋರಿಸಿದರೆ ಸ್ಮಿಯರ್‌ನಲ್ಲಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಗುಂಪುಗಟ್ಟಿದ ಪ್ಲೇಟ್‌ಲೆಟ್‌ಗಳನ್ನು ಯಂತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಬೇಸಿಯಾ ಹುಡುಕಲು ಕಿವಿಯಂಚಿನಿಂದ ತೆಗೆದ ಹನಿ ಒಳ್ಳೆಯದು. ಹತ್ತು ನಿಮಿಷದ ಕಿಟ್ ಎರ್ಲಿಕಿಯಾ ಪಾಸಿಟಿವ್ ಎಂದರೆ ಆ ರೋಗಾಣು ಎಂದೋ ದೇಹ ಹೊಕ್ಕಿತ್ತು ಎಂದಷ್ಟೇ ಅರ್ಥ. ಈ ಕಿಟ್ ಹುಡುಕುವುದು ರೋಗಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು; ಅವು ರೋಗ ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುತ್ತವೆ. ಸಂದೇಹವಿದ್ದರೆ ರೋಗಾಣುವಿನ ಡಿಎನ್ಎಯನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಿ, ಆದರೆ ರಕ್ತವನ್ನು ಮೊದಲ ಮಾತ್ರೆ ಕೊಡುವ ಮುನ್ನವೇ ತೆಗೆಸಿ.

ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ಹತ್ತಿರವಿದ್ದರೆ ಅಲ್ಲಿಗೂ ಹೋಗಬಹುದು.

3. ಮಾತ್ರೆ ಕೊಡುವ ಕ್ರಮ

ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್. ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 10 ಮಿ.ಗ್ರಾಂ., 28 ದಿನ. 20 ಕೆ.ಜಿ. ನಾಯಿಗೆ ಬೆಳಿಗ್ಗೆ 100, ರಾತ್ರಿ 100 ಮಿ.ಗ್ರಾಂ.; ಒಟ್ಟು 56 ಮಾತ್ರೆ. ಡಾಕ್ಟರು ನಿಮ್ಮ ನಾಯಿಯ ತೂಕ ನೋಡಿ ಬರೆದ ಪ್ರಮಾಣವನ್ನೇ ಕೊಡಿ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ. ಒಣ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿ ಸುಟ್ಟ ಹುಣ್ಣಾಗುತ್ತದೆ. ಆದ್ದರಿಂದ ಒಂದು ತುತ್ತು ಅನ್ನದಲ್ಲಿಟ್ಟು ಕೊಟ್ಟು, ಮೇಲೆ 5ರಿಂದ 10 ಮಿ.ಲೀ. ನೀರು ಕುಡಿಸಿ. ಹಾಲು, ಕ್ಯಾಲ್ಸಿಯಂ, ಕಬ್ಬಿಣದ ಟಾನಿಕ್ಕಿಗೂ ಮಾತ್ರೆಗೂ ಎರಡು ಗಂಟೆ ಅಂತರವಿರಲಿ.

ಹೊಸದಾಗಿ ತಗುಲಿದ ಎರ್ಲಿಕಿಯಾ ಆಗಿದ್ದರೆ 1ರಿಂದ 3 ದಿನದಲ್ಲಿ ನಾಯಿ ಎದ್ದು ಊಟ ಕೇಳುತ್ತದೆ. ಮೂರು ದಿನ ಕಳೆದರೂ ಜ್ವರ ಇಳಿಯದಿದ್ದರೆ ಬಬೇಸಿಯಾ ಅಥವಾ ಬೇರೇನಾದರೂ ಇದೆಯೇ ಎಂದು ಮತ್ತೆ ನೋಡಿಸಬೇಕು. ಬಬೇಸಿಯಾದಲ್ಲಿ ಗಾತ್ರದ ಮೇಲೆ ಎರಡು ಬಗೆ. ದೊಡ್ಡ ಬಬೇಸಿಯಾಗೆ ಇಮಿಡೋಕಾರ್ಬ್ ಚುಚ್ಚುಮದ್ದನ್ನು 14 ದಿನದ ಅಂತರದಲ್ಲಿ ಎರಡು ಬಾರಿ ಕೊಡುತ್ತಾರೆ. ಸಣ್ಣ ಬಬೇಸಿಯಾ, ಅಂದರೆ ಗಿಬ್ಸೋನಿ, ಮೊಂಡು ರೋಗ; ಅದಕ್ಕೆ ಅಟೋವಾಕ್ವೋನ್ ಮತ್ತು ಅಜಿತ್ರೋಮೈಸಿನ್ ಜೋಡಿ 10 ದಿನ ಬೇಕಾಗುತ್ತದೆ. ಅಟೋವಾಕ್ವೋನ್ ಕೊಬ್ಬಿನ ಆಹಾರದೊಂದಿಗೆ ಹೋದರೇ ರಕ್ತಕ್ಕೆ ಚೆನ್ನಾಗಿ ಸೇರುತ್ತದೆ. ಪಿಸಿವಿ 15ರ ಆಸುಪಾಸಿಗೆ ಇಳಿದರೆ ರಕ್ತ ಕೊಡಿಸುವ ಮಾತು ಬರುತ್ತದೆ, ಆಗ ಹಿಂಜರಿಯಬೇಡಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಎರ್ಲಿಕಿಯಾದ ಮೊದಲ ಹಂತ 2ರಿಂದ 4 ವಾರ ಇದ್ದು, ಎಷ್ಟೋ ನಾಯಿಗಳಲ್ಲಿ ಏನೂ ಕೊಡದಿದ್ದರೂ ತಾನಾಗಿ ತಣ್ಣಗಾಗುತ್ತದೆ. ಜ್ವರ ಬಿಡುತ್ತದೆ, ನಾಯಿ ತಿನ್ನುತ್ತದೆ, ಪ್ಲೇಟ್‌ಲೆಟ್ ತುಸು ಏರುತ್ತದೆ. ಆ ವಾರ ಏನು ಕುಡಿಸಿದ್ದೆವೋ ಅದಕ್ಕೇ ಹೆಸರು ಬರುತ್ತದೆ. ಆದರೆ ರೋಗಾಣು ಹೋಗಿರುವುದಿಲ್ಲ. ತಿಂಗಳುಗಳೋ ವರ್ಷಗಳೋ ಅಡಗಿದ್ದು, ಕೆಲವು ನಾಯಿಗಳಲ್ಲಿ ಅಸ್ಥಿಮಜ್ಜೆಯನ್ನೇ ಬತ್ತಿಸುತ್ತದೆ. ಆ ಹಂತದಲ್ಲಿ ಡಾಕ್ಸಿಸೈಕ್ಲಿನ್ ಕೂಡ ಹಲವು ಸಲ ಸೋಲುತ್ತದೆ. ಜರ್ಮನ್ ಶೆಫರ್ಡ್ ತಳಿಗೆ ಇದು ವಿಶೇಷವಾಗಿ ಕೆಟ್ಟದ್ದು. ಹತ್ತನೇ ದಿನ ನಾಯಿ ಚುರುಕಾಯಿತೆಂದು ಮಾತ್ರೆ ನಿಲ್ಲಿಸುವವರೂ ಇದೇ ಹಳ್ಳಕ್ಕೆ ಬೀಳುತ್ತಾರೆ. ಆದ್ದರಿಂದ 7ನೇ ದಿನ, 28ನೇ ದಿನ, ಮಾತ್ರೆ ಮುಗಿದು ಒಂದು ತಿಂಗಳ ಬಳಿಕ, ಹೀಗೆ ಮೂರು ಸಲ ಪ್ಲೇಟ್‌ಲೆಟ್ ಎಣಿಸಿ.

4. ನಾಟಿ ಮದ್ದಿಗೆ ಎಲ್ಲಿ ಜಾಗ?

ನಾಟಿ ಮದ್ದನ್ನು ಸಾರಾಸಗಟಾಗಿ ತಳ್ಳಿಹಾಕುವುದು ತಪ್ಪು. ಹಸುವಿನ ಕೆಚ್ಚಲು ಬಾವಿಗೆ ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ಅರೆದು ಹಚ್ಚುವ ಕ್ರಮವನ್ನು ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿಯೇ ರೈತರಿಗೆ ಹೇಳಿಕೊಡುತ್ತದೆ. ಅಲ್ಲಿ ರೋಗ ಯಾವುದು, ಎಷ್ಟು ಅಳತೆ, ಎಲ್ಲಿ ಹಚ್ಚಬೇಕು ಎಲ್ಲವೂ ನಿಗದಿಯಾಗಿದೆ. ಉಣ್ಣಿ ಜ್ವರದ ನಾಯಿಗೆ ಅಂಥ ಲೆಕ್ಕ ಯಾರ ಬಳಿಯೂ ಇಲ್ಲ.

ಪಪ್ಪಾಯಿ ಎಲೆಯ ಸಾರದಿಂದ ಡೆಂಗಿ ಪೀಡಿತ ಮನುಷ್ಯರಲ್ಲಿ ಪ್ಲೇಟ್‌ಲೆಟ್ ಸ್ವಲ್ಪ ಏರಿದ್ದನ್ನು ಕೆಲವು ಅಧ್ಯಯನಗಳು ಕಂಡಿವೆ, ನಿಜ. ಅದು ಎರ್ಲಿಕಿಯಾವನ್ನು ಕೊಲ್ಲುವುದಿಲ್ಲ. ಕೊಡಲೇಬೇಕೆಂದಿದ್ದರೆ ಡಾಕ್ಟರಿಗೆ ಹೇಳಿ, ಮಾತ್ರೆಯ ಜೊತೆಗೆ ಕೊಡಿ, ಬದಲಿಗೆ ಬೇಡ. ಕಹಿಗೆ ವಾಂತಿಯಾದರೆ ಮಾತ್ರೆಯೂ ಹೊರಬೀಳುತ್ತದೆ. ಸುಸ್ತಾದ ನಾಯಿಯ ಬಾಯಿಗೆ ಸಿರಿಂಜಿನಲ್ಲಿ ರಸ ಒತ್ತಿ ಹಾಕಿದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯ ದೊಡ್ಡದು.

ಬೆಳ್ಳುಳ್ಳಿ, ಈರುಳ್ಳಿ ಬೇಡವೇ ಬೇಡ: ಅವು ನಾಯಿಯ ಕೆಂಪು ಕಣ ಒಡೆಯುತ್ತವೆ, ಬಬೇಸಿಯಾ ಮಾಡುವ ಕೆಲಸವನ್ನೇ ಮಾಡುತ್ತವೆ. ಉಣ್ಣಿಗೆಂದು ಸೀಮೆಎಣ್ಣೆ, ಟೀ ಟ್ರೀ ಎಣ್ಣೆ ಸವರಿದರೆ ಚರ್ಮದ ಮೂಲಕ, ನೆಕ್ಕಿದಾಗ ಬಾಯಿಯ ಮೂಲಕ ವಿಷವೇರುತ್ತದೆ. ಭಸ್ಮ ಸೇರಿದ ಔಷಧಿಗಳಲ್ಲಿ ಸೀಸ, ಪಾದರಸ ಇರಬಹುದು; ಮೂತ್ರಪಿಂಡ ಸೋತ ನಾಯಿಗೆ ಅದು ಮಾರಕ. ಹೋಮಿಯೋಪತಿ ಹನಿ ರಕ್ತದಿಂದ ಈ ರೋಗಾಣುಗಳನ್ನು ತೆಗೆಯುತ್ತದೆ ಎನ್ನಲು ಆಧಾರವಿಲ್ಲ.

ಬೇರೆ ಕಾಯಿಲೆಗಳಲ್ಲಿ ಲೆಕ್ಕ ಬೇರೆ. ಮುದಿ ನಾಯಿಯ ಕೀಲುನೋವಿಗೆ, ಹಿಂಗಾಲಿನ ನಿಶ್ಶಕ್ತಿಗೆ ಅಕ್ಯುಪಂಕ್ಚರ್, ಫಿಸಿಯೋಥೆರಪಿ ನೋವಿನ ಮಾತ್ರೆಯ ಜೊತೆ ಪ್ರಯತ್ನಿಸತಕ್ಕವೇ. ಆದರೆ ಹಿಂಗಾಲು ದಿಢೀರನೆ ಬಿದ್ದು, ಬೆರಳು ಗಟ್ಟಿಯಾಗಿ ಹಿಂಡಿದರೂ ನೋವಿನ ಅರಿವಿಲ್ಲವೆಂದರೆ ಅದು ಗಂಟೆಗಳ ಲೆಕ್ಕದ ತುರ್ತು, ಶಸ್ತ್ರಚಿಕಿತ್ಸಕರ ಬಳಿಗೆ ಓಡಬೇಕು. ಜನನಾಂಗದ ಮೇಲೆ ಹೂಕೋಸಿನಂತೆ ಬೆಳೆದು ರಕ್ತ ಒಸರುವ ಸಾಂಕ್ರಾಮಿಕ ಗಡ್ಡೆಯನ್ನು ಕ್ಯಾನ್ಸರ್ ಎಂದು ಕೈಬಿಡುವವರಿದ್ದಾರೆ. ವಾರಕ್ಕೊಂದು ವಿನ್‌ಕ್ರಿಸ್ಟಿನ್ ಚುಚ್ಚುಮದ್ದು, ಸಾಮಾನ್ಯವಾಗಿ 4ರಿಂದ 6, ಬಹುಪಾಲು ನಾಯಿಗಳಲ್ಲಿ ಅದನ್ನು ಪೂರ್ತಿ ಕರಗಿಸುತ್ತದೆ. ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳು ಗಂಟಾಗಿ ಊದುವ ಕ್ಯಾನ್ಸರಿನ ಶಂಕೆಯಿದ್ದರೆ ಸೂಜಿ ಪರೀಕ್ಷೆಗೆ ಮುನ್ನ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಶುರು ಮಾಡಿಸಬೇಡಿ; ಗಂಟು ತಾತ್ಕಾಲಿಕವಾಗಿ ಇಳಿದು ರೋಗ ಮರೆಯಾಗುತ್ತದೆ, ಆಮೇಲೆ ಕೀಮೋಗೆ ಬಗ್ಗುವುದೂ ಕಡಿಮೆ.

5. ಚಿಕಿತ್ಸಕರಿಗೆ ಕೇಳುವ ಪ್ರಶ್ನೆಗಳು

1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯಡಿ ನೋಂದಾಯಿತ ಪಶುವೈದ್ಯರಿಗೆ ಮಾತ್ರ ವೈದ್ಯ ವೃತ್ತಿಯ ಹಕ್ಕಿದೆ. ಪರ್ಯಾಯ ಚಿಕಿತ್ಸೆ ಕೊಡುವವರನ್ನೂ ನೋಂದಣಿ ಸಂಖ್ಯೆ ಕೇಳಿ, ಅದು ಅವಮಾನವಲ್ಲ. ಔಷಧಿಯಲ್ಲಿ ಏನೇನಿದೆ ಎಂದು ಚೀಟಿಯಲ್ಲಿ ಬರೆದುಕೊಡಲಿ. ಎಷ್ಟು ದಿನದಲ್ಲಿ ಯಾವ ಸಂಖ್ಯೆ ಬದಲಾಗಬೇಕು, ಆಗದಿದ್ದರೆ ಮುಂದೇನು ಎಂದು ಕೇಳಿ. ಬೇರೆ ಮಾತ್ರೆಗಳನ್ನೆಲ್ಲ ನಿಲ್ಲಿಸಿ ಎಂದವರ ಬಳಿ ಮತ್ತೆ ಹೋಗಬೇಡಿ.

ಆಸ್ಪತ್ರೆಯ ಡಾಕ್ಟರಿಗೂ ಇದೇ ನಿಯಮ. ರಕ್ತ ನೋಡದೆ ಸ್ಟೀರಾಯ್ಡ್ ಕೊಟ್ಟರೆ ಏಕೆಂದು ಕೇಳುವ ಹಕ್ಕು ನಿಮಗಿದೆ. ದೇಹವೇ ಪ್ಲೇಟ್‌ಲೆಟ್ ನಾಶ ಮಾಡುತ್ತಿದ್ದಾಗ ಅದು ಬೇಕಾಗುತ್ತದೆ, ಎಲ್ಲರಿಗೂ ಅಲ್ಲ. ಖರ್ಚಿನ ಅಂದಾಜನ್ನು ಮೊದಲೇ ಕೇಳಿ, ಕೈಲಾಗುವುದು ಇಷ್ಟು ಎಂದು ಸಂಕೋಚವಿಲ್ಲದೆ ಹೇಳಿ. ಆಗ ಡಾಕ್ಟರು ಅತಿ ಮುಖ್ಯವಾದ ಪರೀಕ್ಷೆಯನ್ನು ಮೊದಲಿಡಬಲ್ಲರು.

6. ಮನೆಯ ಗೋಡೆಯನ್ನೂ ನೋಡಿ

ಕಂದು ಉಣ್ಣಿ ಮನೆಯೊಳಗೇ ಪೂರ್ತಿ ಜೀವನಚಕ್ರ ಮುಗಿಸುತ್ತದೆ. ಒಂದು ಹೆಣ್ಣುಣ್ಣಿ ಗೋಡೆಯ ಬಿರುಕಿನಲ್ಲಿ, ಗೂಡಿನ ಮೂಲೆಯಲ್ಲಿ ಸಾವಿರಾರು ಮೊಟ್ಟೆಯಿಡುತ್ತದೆ. ನಾಯಿಯ ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆಯಿರಿ, ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿಸಿ. ಅಂಟಿದ ಉಣ್ಣಿಯನ್ನು ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ, ಬೆರಳಲ್ಲಿ ಹೊಸಕಬೇಡಿ. ಫ್ಲುರಾಲನರ್, ಅಫಾಕ್ಸೋಲನರ್ ಇರುವ ಅಗಿಯುವ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ತಿಳಿಸಿ. ರೋಗ ಒಮ್ಮೆ ಬಂದುಹೋದ ನಾಯಿಗೆ ಮತ್ತೆ ಬರಬಲ್ಲದು, ಆದ್ದರಿಂದ ಉಣ್ಣಿ ತಡೆಯ ಮದ್ದು ಮಳೆಗಾಲಕ್ಕಷ್ಟೇ ಅಲ್ಲದೆ ವರ್ಷವಿಡೀ ನಡೆಯಲಿ.