ಗಿಲಕಿಯ ಚಿತ್ರ ಬರೆಯುವ ಮುಂಚೆ ಮಗುವಿನ ಬಾಯಿ ನೋಡಿ

ಆರು ತಿಂಗಳ ಮಗುವಿನ ಕೈಗೆ ಏನೇ ಕೊಡಿ, ಅದು ಬಾಯಿಗೇ ಹೋಗುತ್ತದೆ. ಗಿಲಕಿಯನ್ನು ಮಗು ಆಡಿಸುವುದಕ್ಕಿಂತ ಚೀಪುವುದೇ ಜಾಸ್ತಿ. ಚನ್ನಪಟ್ಟಣದಲ್ಲಿ ಮರ ಕಡೆಯುವವರ ಜೊತೆ ಕೂತು ಎಳೆಮಕ್ಕಳ ಆಟಿಕೆಗೆ ರೂಪ ಕೊಡುವುದು ನನ್ನ ಕೆಲಸ. ಹೊಸದಾಗಿ ಈ ಕೆಲಸಕ್ಕೆ ಬರುವವರು ಮೊದಲು ಬಣ್ಣದ ಬಗ್ಗೆ ಕೇಳುತ್ತಾರೆ. ನಾನು ಅಳತೆಯಿಂದ ಶುರು ಮಾಡಿ ಅನ್ನುತ್ತೇನೆ.

ಒಂದು ದಪ್ಪ ಮರದ ತುಂಡಿನಲ್ಲಿ 31.7 ಮಿ.ಮೀ. ಅಗಲದ ದುಂಡು ತೂತು ಮಾಡಿಸಿಕೊಳ್ಳಿ. ಅದರ ತಳ ಓರೆಯಾಗಿರಬೇಕು, ಒಂದು ಕಡೆ 25.4 ಮಿ.ಮೀ. ಆಳ, ಎದುರು ಕಡೆ 57.1. ಎಳೆ ಮಗುವಿನ ಬಾಯಿ, ಗಂಟಲಿನ ಲೆಕ್ಕದಲ್ಲಿ ಇಟ್ಟ ಅಳತೆ ಇದು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಯಾವ ಬಿಡಿ ಭಾಗವೂ ಇದರಲ್ಲಿ ಪೂರ್ತಿ ಮುಳುಗಬಾರದು. ಮುರಿದು ಬಿದ್ದ ಚೂರಿಗೂ ಇದೇ ನಿಯಮ. ಒತ್ತಿ ತುರುಕಬೇಡಿ. ಸುಮ್ನೆ ಹಾಕಿ, ಎಲ್ಲ ಮಗ್ಗುಲಿಗೂ ತಿರುಗಿಸಿ ಹಾಕಿ ನೋಡಿ.

ಗಿಲಕಿಗೆ ಇಷ್ಟು ಸಾಲದು. ಇಡೀ ಗಿಲಕಿ ದೊಡ್ಡದಾಗಿದ್ದರೂ ಅದರ ಒಂದು ತುದಿ ಬಾಯೊಳಗೆ ಹೋಗಿ ಗಂಟಲಿಗೆ ಒತ್ತಿಕೊಳ್ಳಬಹುದು. ಮಗು ಅದನ್ನು ಕಚ್ಚಿಕೊಂಡೇ ಬೋರಲು ಬಿದ್ದರೆ ಏನಾಗುತ್ತದೆ ಅಂತ ಯೋಚಿಸಿ. ಅಮೆರಿಕ 1978ರಲ್ಲೇ ಗಿಲಕಿಗೆಂದು ಬೇರೆ ನಿಯಮ ತಂದಿತು. ಆ ಅಳತೆ ಹೀಗಿದೆ: 30 ಮಿ.ಮೀ. ದಪ್ಪದ ಹಲಗೆಯಲ್ಲಿ 35 ಮಿ.ಮೀ. ಅಗಲ, 50 ಮಿ.ಮೀ. ಉದ್ದದ ತೂತು, ಎರಡೂ ತುದಿ ದುಂಡಗೆ. ಗಿಲಕಿಯನ್ನು ಅದರ ಭಾರಕ್ಕೇ ಬಿಟ್ಟಾಗ ಯಾವ ತುದಿಯೂ ಹಲಗೆಯ ಕೆಳಗೆ ಇಣುಕಬಾರದು. ಕೋಲಿನ ತುದಿಗೆ ಗುಂಡು ಇಡುವುದಾದರೆ ಅದು 42.7 ಮಿ.ಮೀ. ದುಂಡು ತೂತಿನಲ್ಲೂ ದಾಟಬಾರದು. ನಾನು ನೇರವಾಗಿ 45 ಇಟ್ಟುಬಿಡುತ್ತೇನೆ. ಹಿಡಿ ಮಾತ್ರ ಸಣ್ಣದಿರಲಿ, 12ರಿಂದ 15 ಮಿ.ಮೀ. ಇದ್ದರೆ ಎಳೆ ಬೆರಳು ಸುತ್ತಿ ಹಿಡಿಯಲು ಸುಲಭ. ತೂಕವೂ ಕಮ್ಮಿ ಇರಲಿ. ಮಗು ಗಿಲಕಿಯನ್ನು ಮೊದಲು ಬಡಿದುಕೊಳ್ಳುವುದು ತನ್ನ ಮುಖಕ್ಕೇ ಅಲ್ವಾ?

ಈಗ ಸದ್ದು. ಗುಂಡಿನ ಒಳಗೆ ಟೊಳ್ಳು ಮಾಡಿ, ಕಾಳು ಹಾಕಿ, ಬಿರಡೆ ಅಂಟಿಸುವುದು ಸುಲಭದ ದಾರಿ. ನಾನದನ್ನು ಒಪ್ಪುವುದಿಲ್ಲ. ಜೊಲ್ಲು ಹತ್ತಿ ಒಣಗಿ, ಮತ್ತೆ ಜೊಲ್ಲು ಹತ್ತಿ, ಮರ ಉಬ್ಬುತ್ತದೆ, ಕುಗ್ಗುತ್ತದೆ. ಒಂದು ದಿನ ಅಂಟು ಬಿಡುತ್ತದೆ, ಕಾಳೆಲ್ಲ ಮಗುವಿನ ಬಾಯಲ್ಲಿ. ಅದರ ಬದಲು ಬಳೆಗಳನ್ನು ಹಿಡಿಯ ಮರದಲ್ಲೇ ಕಡೆಯಿರಿ. ಎರಡು ಗುಂಡುಗಳ ನಡುವಿನ ಮರವನ್ನು ಬಾಗಿದ ಉಳಿಯಿಂದ ಎರಡೂ ಕಡೆಯಿಂದ ಕೊರೆದರೆ ಬಳೆ ತಾನಾಗಿ ಬಿಡುಗಡೆಯಾಗುತ್ತದೆ. ಅದು ಓಡಾಡಿ ಸದ್ದು ಮಾಡುತ್ತದೆ, ಆದರೆ ಗುಂಡು ದಾಟಿ ಹೊರಗೆ ಬರಲಾರದು. ಅಂಟೂ ಇಲ್ಲ, ಮೊಳೆಯೂ ಇಲ್ಲ. ಮರ ಕಡೆಯುವ ಯಂತ್ರ ನಡೆಸುವ ನಮ್ಮ ಲೇತ್ ಭಾಯ್ ಇದಕ್ಕೆ ಹಿಡಿಯುವ ಹೊತ್ತು ನೋಡಿ, "ಮೇಡಂ, ರೇಟು ಜಾಸ್ತಿ ಆಗುತ್ತೆ" ಅಂದರು. ಆಗಲಿ, ಆ ರೇಟು ಕೇಳಿ ಮಾರೋಣ ಅಂದೆ.

ಇಲ್ಲಿ ಒಂದು ಎಚ್ಚರ ಬೇಕು. ಮರದ ನಾರು ಹಿಡಿಯ ಉದ್ದಕ್ಕೆ ಓಡುತ್ತದೆ, ಹಾಗಾಗಿ ತೆಳು ಬಳೆ ಬೇಗ ಸೀಳುತ್ತದೆ. ಸೀಳಿದ ಅರ್ಧ ಬಳೆ ಆ ಮೊದಲ ತೂತಿನಲ್ಲಿ ಮುಳುಗಿಬಿಡಬಹುದು. ಅದಕ್ಕೇ 7 ಮಿ.ಮೀ.ಗಿಂತ ತೆಳುವಾದ ಬಳೆಯನ್ನು ನಾನು ಪಕ್ಕಕ್ಕೆ ತೆಗೆದಿಡುತ್ತೇನೆ. ಬೆರಳು ಸಿಕ್ಕಿಕೊಳ್ಳದಂತೆ ಬಳೆ ಮತ್ತು ಹಿಡಿಯ ನಡುವಿನ ಸಂದು 5 ಮಿ.ಮೀ.ಗಿಂತ ಕಮ್ಮಿ ಇರಲಿ, ಇಲ್ಲವೇ 12ಕ್ಕಿಂತ ಜಾಸ್ತಿ ಇರಲಿ. ಬಳೆಯನ್ನು ಒಂದು ಕಡೆಗೆ ತಳ್ಳಿ ಅಳೆಯಿರಿ, ಆಗಲೇ ನಿಜವಾದ ಸಂದು ಕಾಣುವುದು. ಮರ ಚೆನ್ನಾಗಿ ಒಣಗಿರಲಿ. ಆಲೆ ಮರ ಬೆಳ್ಳಗೆ, ನಯವಾಗಿರುತ್ತದೆ, ಸಿಬಿರು ಏಳುವುದು ಕಡಿಮೆ. ಹಸಿಯಾಗಿದ್ದಾಗ ಕಡೆದರೆ ಮಾತ್ರ ಅದೂ ಬಿರುಕು ಬಿಡುತ್ತದೆ.

ಬಣ್ಣದ ವಿಷಯದಲ್ಲಿ ನನಗೆ ಸ್ವಲ್ಪ ಹಟವೇ ಇದೆ. ಲೇತ್ ಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ. ತಾಳೆಗರಿಯಿಂದ ಒತ್ತಿ ಹೊಳಪು ತರುತ್ತಾರೆ. ಅರಗು ಒಳ್ಳೆಯದೇ, ಮಾತ್ರೆಗಳ ಮೇಲಿನ ಲೇಪಕ್ಕೂ ಅದನ್ನು ಬಳಸುತ್ತಾರೆ. ನೋಡಬೇಕಾದದ್ದು ಅರಗಿನೊಳಗೆ ಕಲಸುವ ಪುಡಿಯನ್ನು. ಅರಿಶಿನ ಅಂದ ತಕ್ಷಣ ನಂಬಬೇಡಿ. ಅರಿಶಿನದ ಹಳದಿ ಹೆಚ್ಚಿಸಲು ಸೀಸದ ಕ್ರೋಮೇಟ್ ಬೆರೆಸಿದ್ದು ಬಾಂಗ್ಲಾದೇಶದಲ್ಲಿ ಪತ್ತೆಯಾಗಿದೆ. ಸೀಸ ಮಗುವಿನ ಮಿದುಳಿಗೆ ವಿಷ. ಪ್ರತಿ ಹೊಸ ಪುಡಿಯನ್ನೂ ಬಳಿದ ತುಂಡಿನ ಸಮೇತ ಪ್ರಯೋಗಾಲಯಕ್ಕೆ ಕಳಿಸಿ, ಆಟಿಕೆ ಸುರಕ್ಷತೆಯ ಭಾರತೀಯ ಮಾನಕವಾದ ಐಎಸ್ 9873ರ ಮೂರನೇ ಭಾಗದ ಪರೀಕ್ಷೆ ಮಾಡಿಸಿ. ಬಳಿದ ಬಣ್ಣದಿಂದ ಹೊರಗೆ ಬರುವ ಸೀಸ ಕೆಜಿಗೆ 90 ಮಿ.ಗ್ರಾಂ. ದಾಟಬಾರದು. ಬಾಯಿಗೆ ಹೋಗುವ ಹಿಡಿಗೆ ನಾನು ಬಣ್ಣವನ್ನೇ ಹಾಕಿಸುವುದಿಲ್ಲ, ಬರಿಯ ಅರಗು ಸಾಕು.

ಆಮೇಲೆ ಬೀಳಿಸಿ. 138 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲಕ್ಕೆ ಹತ್ತು ಸಲ. ಒಂದೂವರೆ ವರ್ಷದೊಳಗಿನ ಮಕ್ಕಳ ಆಟಿಕೆಗೆ ಲೆಕ್ಕ ಅದು. ಬಿದ್ದ ಮೇಲೆ ಅಂಚು ಸವರಿ ನೋಡಿ. ಒದ್ದೆ ಬಟ್ಟೆಯಲ್ಲಿ ರಾತ್ರಿಯಿಡೀ ಸುತ್ತಿಟ್ಟು, ಒಣಗಿಸಿ, ಮತ್ತೆ ಬೀಳಿಸಿ.

ಗಿಲಕಿಯಲ್ಲಿ ತೂತು ಇಡಬೇಡಿ. ತೂತು ಕಂಡರೆ ಅಜ್ಜಿಯಂದಿರು ದಾರ ಪೋಣಿಸಿ ತೊಟ್ಟಿಲಿಗೆ ಕಟ್ಟುತ್ತಾರೆ. ಪ್ರೀತಿಯಿಂದಲೇ ಕಟ್ಟುವುದು, ಆದರೆ ಉದ್ದ ದಾರ ಕೊರಳಿಗೆ ಸುತ್ತಿಕೊಳ್ಳುತ್ತದೆ.

2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳಿಗೆ ಇದರಿಂದ ವಿನಾಯಿತಿ ಇದೆ. ನಾನು ಆ ವಿನಾಯಿತಿಯನ್ನು ನೆಚ್ಚಿಕೊಳ್ಳದೆ ಪರೀಕ್ಷೆ ಮಾಡಿಸುತ್ತೇನೆ.

ಗಿಲಕಿಯ ಜೊತೆ ಒಂದು ಚೀಟಿ ಇಡಿ. ಬಿಸಿನೀರಿಗೆ ಅರಗು ಮೆತ್ತಗಾಗುತ್ತದೆ, ಸ್ಯಾನಿಟೈಸರ್‌ನ ಆಲ್ಕೋಹಾಲ್‌ಗೆ ಕರಗುತ್ತದೆ. ಹಾಗಾಗಿ ಕುದಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿರುಕು ಕಂಡರೆ ಎಸೆಯಿರಿ ಅಂತ ಕನ್ನಡದಲ್ಲೇ ಬರೆಯಿರಿ. ತಳದಲ್ಲಿ ಕಾಯಿಸಿದ ಅಚ್ಚಿನಿಂದ ಬ್ಯಾಚ್ ಸಂಖ್ಯೆ ಒತ್ತಿಸಿ, ಯಾವ ಅಂಗಡಿಗೆ ಯಾವ ಬ್ಯಾಚ್ ಹೋಯಿತು ಅಂತ ಪುಸ್ತಕದಲ್ಲಿ ಬರೆದಿಡಿ. ಒಂದು ಗಿಲಕಿ ಸೀಳಿತು ಅಂತ ಯಾವುದೋ ತಾಯಿ ಫೋನ್ ಮಾಡಿದರೆ, ಅದರ ಜೊತೆ ಹೋದ ಉಳಿದವನ್ನು ಅದೇ ದಿನ ವಾಪಸ್ ಕೇಳಲು ಬರಬೇಕು.