ಸ್ಯಾಪ್ ಅಪ್‌ಗ್ರೇಡ್: ಹಳೆಯ ಸಿಸ್ಟಮಿನಲ್ಲೇ ನಾವು ಮುಗಿಸಿಕೊಂಡ ಕೆಲಸಗಳು

ತುಮಕೂರಿನ ವಸಂತನರಸಾಪುರದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಂಪನಿ ನಮ್ಮದು. ಅಲ್ಲಿ ಸ್ಯಾಪ್, ಅಂದರೆ ಖರೀದಿ, ಸ್ಟಾಕು, ಬಿಲ್ಲು, ಲೆಕ್ಕ ಎಲ್ಲ ಒಂದೇ ಕಡೆ ನಡೆಸುವ ಸಾಫ್ಟ್‌ವೇರ್, ನೋಡಿಕೊಳ್ಳುವವಳು ನಾನು. ಬಹಳ ವರ್ಷದಿಂದ ಓಡುತ್ತಿದ್ದ ಅದರ ಹಳೆಯ ಆವೃತ್ತಿ ಇಸಿಸಿ 6.0 ಬಿಟ್ಟು ಹೊಸ ಆವೃತ್ತಿ ಎಸ್/4 ಹಾನಾಗೆ ಹೋಗೋಣ ಅಂತ ತೀರ್ಮಾನವಾದಾಗ, ಮೀಟಿಂಗಿನಲ್ಲಿ ಮಾತೆಲ್ಲ ಸರ್ವರ್, ಲೈಸೆನ್ಸ್, ಕನ್ಸಲ್ಟೆಂಟ್ ರೇಟು ಇದರ ಸುತ್ತಲೇ ನಡೆಯಿತು. ಅವೂ ಬೇಕು. ಆದರೆ ಈ ಕೆಲಸಕ್ಕೆ ಕೈ ಹಾಕುವವರಿಗೆ ನಾನು ಹೇಳುವುದು ಒಂದೇ: ಹಳೆಯ ಸಿಸ್ಟಮಿನಲ್ಲೇ ಮುಗಿಸಬಹುದಾದ್ದು ಏನೇನಿದೆಯೋ ಅಷ್ಟನ್ನೂ ಅಲ್ಲೇ ಮುಗಿಸಿ. ಹೊಸದು ಬಂದಮೇಲೆ ನೋಡಿಕೊಳ್ಳೋಣ ಅಂತ ಬಿಟ್ಟದ್ದು ಆಮೇಲೆ ಜಾಸ್ತಿ ಕಾಡುತ್ತದೆ.

ಗಡುವಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಇಸಿಸಿ 6.0ಗೆ ಸ್ಯಾಪ್ ಕೊಡುವ ಮಾಮೂಲಿ ಮೇಂಟೆನೆನ್ಸ್ 2027ರ ಕೊನೆಯವರೆಗೆ. ಹೆಚ್ಚಿನ ದುಡ್ಡು ಕಟ್ಟಿದರೆ 2030ರ ಕೊನೆಯವರೆಗೆ. ಇದು ಎನ್‌ಹಾನ್ಸ್‌ಮೆಂಟ್ ಪ್ಯಾಕೇಜ್ (ಇಸಿಸಿ ಮೇಲೆ ಹಾಕುವ ಅಪ್‌ಡೇಟ್) 6ರಿಂದ 8ರವರೆಗೆ ಇರುವವರಿಗೆ. ಅದಕ್ಕಿಂತ ಹಳೆಯದರಲ್ಲಿ ಇರುವವರಿಗೆ 2025ರ ಕೊನೆಯೇ ಗಡುವಾಗಿತ್ತು. ನಿಮ್ಮದು ಯಾವುದು ಅಂತ ಮೊದಲು ನೋಡಿಕೊಳ್ಳಿ.

ನಾವು ಶುರು ಮಾಡಿದ್ದು ವೆಂಡರ್ ಪಟ್ಟಿಯಿಂದ. ಎಸ್/4ನಲ್ಲಿ ಗ್ರಾಹಕರು ಬೇರೆ, ವೆಂಡರ್ ಬೇರೆ ಅಂತ ಇಲ್ಲ. ಎಲ್ಲರೂ ಬಿಸಿನೆಸ್ ಪಾರ್ಟ್ನರ್. ನಮಗೆ ಮರದ ಪ್ಯಾಲೆಟ್ ಕೊಡುವವರೇ ನಮ್ಮ ಸ್ಕ್ರ್ಯಾಪ್ ಕೊಳ್ಳುತ್ತಾರೆ ಅಂದುಕೊಳ್ಳಿ. ಅವರಿಗೆ ಅಲ್ಲಿ ಒಂದೇ ದಾಖಲೆ, ಪಾತ್ರ ಎರಡು. ಈ ಬದಲಾವಣೆಯನ್ನು ಅಪ್‌ಗ್ರೇಡಿಗೆ ಮುಂಚೆ, ಇಸಿಸಿಯಲ್ಲಿ ಇರುವಾಗಲೇ ಮುಗಿಸಬೇಕು. ಪಿನ್ ಕೋಡಿನಲ್ಲಿ ಒಂದು ಅಂಕಿ ಕಮ್ಮಿ ಇದ್ದರೂ, ಇಮೇಲ್ ವಿಳಾಸದಲ್ಲಿ ಒಂದು ಸ್ಪೇಸ್ ಸೇರಿಕೊಂಡಿದ್ದರೂ ಹೀಗೆ ಬದಲಾಯಿಸುವಾಗ ಸಿಸ್ಟಮ್ ಎರರ್ ತೋರಿಸುತ್ತದೆ.

ಡಬಲ್ ಎಂಟ್ರಿ ಹುಡುಕಲು ಹೆಸರು ನಂಬಿದರೆ ಆಗುವುದಿಲ್ಲ. ಒಬ್ಬರು 'ಎಂಟರ್‌ಪ್ರೈಸಸ್' ಅಂತ ಪೂರ್ತಿ ಬರೆದಿರುತ್ತಾರೆ, ಇನ್ನೊಬ್ಬರು ಅರ್ಧಕ್ಕೆ ನಿಲ್ಲಿಸಿರುತ್ತಾರೆ. ನಾವು ಜಿಎಸ್‌ಟಿ ನಂಬರ್ ಹಿಡಿದು ಹೊರಟೆವು. ಅದರಲ್ಲಿ 15 ಅಕ್ಷರ. ಮೊದಲ ಎರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಪ್ಯಾನ್ ನಂಬರ್. ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿ, ಆ ಹತ್ತು ಅಕ್ಷರ ಬೇರೆ ಕಾಲಂಗೆ ತೆಗೆದು ಸಾರ್ಟ್ ಮಾಡಿದರೆ ಒಂದೇ ಪಾರ್ಟಿಯ ಕೋಡುಗಳೆಲ್ಲ ಒಂದರ ಕೆಳಗೊಂದು ಬಂದು ಕೂರುತ್ತವೆ. ಪ್ಯಾನ್ ಒಂದೇ ಆಗಿ ಜಿಎಸ್‌ಟಿ ನಂಬರ್ ಬೇರೆ ಇದ್ದರೆ ಅದು ಹೊರರಾಜ್ಯದ ಬ್ರಾಂಚ್ ಇರಬಹುದು, ಮುಟ್ಟಬೇಡಿ. ಜಿಎಸ್‌ಟಿ ನಂಬರೂ ಒಂದೇ ಆಗಿದ್ದರೆ ಬಹುಪಾಲು ಡಬಲ್. ಹಾಗಂತ ತಕ್ಷಣ ಬ್ಲಾಕ್ ಮಾಡುವ ಹಾಗಿಲ್ಲ. ಹಳೆಯ ಬಾಕಿ, ಕೊಟ್ಟ ಅಡ್ವಾನ್ಸ್ ಎರಡೂ ಕ್ಲಿಯರ್ ಆಗಬೇಕು. ಅಕೌಂಟ್ಸಿನವರು ಈ ಕೆಲಸಕ್ಕೆ ಖುಷಿಯಿಂದಲೇ ಕೂತರು. ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂಬ ನಿಯಮ ಇದೆಯಲ್ಲ, ಸಣ್ಣ ಉದ್ದಿಮೆ ಅಂತ ತೋರಿಸುವ ಉದ್ಯಮ್ ನೋಂದಣಿಯ ವಿವರ ಒಂದು ಕೋಡಿನಲ್ಲಿದ್ದು ಬಿಲ್ಲು ಇನ್ನೊಂದರಲ್ಲಿ ಬಿದ್ದರೆ ಅದನ್ನು ಹಿಡಿಯುವುದು ಕಷ್ಟ.

ಮಟೀರಿಯಲ್ ಪಟ್ಟಿ ಇದಕ್ಕಿಂತ ದೊಡ್ಡ ಕೆಲಸ. ಇಲ್ಲಿ ಎಕ್ಸೆಲ್ ಸಾಕಾಗಲಿಲ್ಲ. ಸ್ಟೋರ್ಸಿನ ಹಿರಿಯರೊಬ್ಬರನ್ನು ದಿನಕ್ಕಿಷ್ಟು ಹೊತ್ತು ಇದಕ್ಕೇ ಬಿಟ್ಟುಕೊಡಿ ಅಂತ ಮ್ಯಾನೇಜರ್ ಹತ್ತಿರ ಕೇಳಿ ಪಡೆದೆ. ನಾನು ಪ್ರಿಂಟ್ ಹಿಡಿದು ರ‍್ಯಾಕ್ ಪಕ್ಕ ನಿಂತು ಓದುವುದು, ಅವರು ಬಿನ್ನಿಗೆ ಕೈ ಹಾಕಿ ತೆಗೆದು ತೋರಿಸುವುದು. 'ಎಂ10 ಹೆಕ್ಸ್ ಬೋಲ್ಟ್', 'ಬೋಲ್ಟ್ ಹೆಕ್ಸ್ 10 ಎಂಎಂ', 'ಎಚ್‌ಟಿ ಬೋಲ್ಟ್ ಎಂ10' ಅಂತ ಮೂರು ಕೋಡ್ ಓದಿದೆ. ಅವರು ಮೂರು ಬಿನ್ನಿನಿಂದ ಒಂದೊಂದು ತೆಗೆದು ಅಂಗೈ ಮೇಲೆ ಇಟ್ಟರು. "ನೋಡಿ ಮೇಡಂ, ಈ ಎರಡರ ತಲೆ ಮೇಲೂ 8.8 ಅಂತ ಇದೆ, ಉದ್ದನೂ ಒಂದೇ. ಇವೆರಡೂ ಒಂದೇ ಮಾಲು. ಇನ್ನೊಂದು ನೋಡಿ, 10.9. ಇದನ್ನ ಸೇರಿಸಿಬಿಟ್ಟೀರಾ ಮತ್ತೆ, ಫಿಕ್ಸ್ಚರ್ ತಡಕೊಳ್ಳಲ್ಲ." ಬೋಲ್ಟಿನ ತಲೆ ಮೇಲಿನ ಆ ಅಂಕಿ ಅದರ ಬಲದ ದರ್ಜೆ. ನಮ್ಮ ಸಿಸ್ಟಮಿನಲ್ಲಿ ಅದನ್ನು ಯಾರೂ ಬರೆದಿರಲಿಲ್ಲ. ಹೊರಗಿನಿಂದ ಬಂದ ಯಾವ ಕನ್ಸಲ್ಟೆಂಟಿಗೂ ಇದು ತಿಳಿಯುವ ಮಾತಲ್ಲ. ಸಾಮಾನು ಮುಟ್ಟುವವರ ಸಮಯವನ್ನು ಈ ಕೆಲಸಕ್ಕೆ ಮೊದಲೇ ಗೊತ್ತು ಮಾಡಿಡಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಜಾಬ್ ವರ್ಕ್ ಲೆಕ್ಕವನ್ನೂ ಮೊದಲೇ ಹೊಂದಿಸಿಕೊಂಡೆವು. ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್ ಕೆಲಸಕ್ಕೆ ನಮ್ಮ ಮಾಲು ಹೊರಗಿನ ವರ್ಕ್‌ಶಾಪುಗಳಿಗೆ ಹೋಗುತ್ತದೆ. ಇಲ್ಲಿಂದ ಹೋಗುವಾಗ ಚಲನ್ನಿನಲ್ಲಿ ಇಷ್ಟು ಪೀಸ್ ಅಂತ ಲೆಕ್ಕ, ವಾಪಸ್ ಬರುವಾಗ ಅವರ ಚಲನ್ನಿನಲ್ಲಿ ಕೇಜಿ ಲೆಕ್ಕ. ಪ್ಲೇಟಿಂಗ್ ಆದಮೇಲೆ ತೂಕವೂ ಸ್ವಲ್ಪ ಬದಲಾಗಿರುತ್ತದೆ. ಹೀಗೆ ಸಣ್ಣ ಸಣ್ಣ ವ್ಯತ್ಯಾಸ ಸೇರಿ ಸೇರಿ, ಸಿಸ್ಟಮ್ ಹೇಳುವುದೇ ಒಂದು, ಅವರ ಶೆಡ್ಡಿನಲ್ಲಿರುವುದೇ ಒಂದು ಆಗಿತ್ತು. ಆಯುಧಪೂಜೆಗೆ ಎಲ್ಲ ಕಡೆ ಮಷೀನ್ ತೊಳೆದು ನಿಲ್ಲಿಸುತ್ತಾರೆ. ಆ ಸಮಯ ನೋಡಿಕೊಂಡು ಅಲ್ಲಿಗೇ ಹೋಗಿ, ಅವರನ್ನೂ ಕೂರಿಸಿಕೊಂಡು ಎಣಿಸಿದೆವು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಐಟಿಸಿ-04, ಅಂದರೆ ಜಾಬ್ ವರ್ಕ್ ಮಾಲಿನ ಜಿಎಸ್‌ಟಿ ಫಾರಂ, ಅಕ್ಟೋಬರ್ 25ರೊಳಗೆ ಸಲ್ಲಿಸಬೇಕಿತ್ತು, ಅದಕ್ಕೂ ಈ ಎಣಿಕೆ ಒದಗಿತು. ಜಾಬ್ ವರ್ಕಿಗೆ ಕಳಿಸಿದ ಮಾಲು ಒಂದು ವರ್ಷದೊಳಗೆ ವಾಪಸ್ ಬರದಿದ್ದರೆ ಅದನ್ನು ಮಾರಾಟ ಅಂತಲೇ ಲೆಕ್ಕ ಹಾಕಿ ತೆರಿಗೆ ಕಟ್ಟಬೇಕು. ಹಾಗಾಗಿ ಹಳೆಯ ಚಲನ್ನುಗಳನ್ನು ಹಾಗೇ ಹೊಸ ಸಿಸ್ಟಮಿಗೆ ಹೊತ್ತುಕೊಂಡು ಹೋಗುವುದು ಸರಿಯಲ್ಲ.

ಇನ್ನು ಜನ. ನಮ್ಮ ಸ್ಟೋರ್ಸಿನವರಿಗೆ ಮಾಲಿನ ಎಂಟ್ರಿಗೆ ಒತ್ತುವ ಎಂಬಿ1ಎ, ಎಂಬಿ1ಬಿ, ಎಂಬಿ1ಸಿ ಕೋಡುಗಳು ಕೈಗೇ ಬಂದುಬಿಟ್ಟಿದ್ದವು, ಸ್ಕ್ರೀನ್ ನೋಡುವುದೂ ಬೇಕಿರಲಿಲ್ಲ. ಎಸ್/4ನಲ್ಲಿ ಅವು ಯಾವುವೂ ಇಲ್ಲ, ಎಲ್ಲಕ್ಕೂ ಮಿಗೋ ಅನ್ನುವ ಕೋಡ್ ಒಂದೇ. ಆದರೆ ಮಿಗೋ ಇಸಿಸಿಯಲ್ಲೂ ಇದೆ ಅಲ್ವಾ? ಅಪ್‌ಗ್ರೇಡಿಗೆ ತಿಂಗಳುಗಟ್ಟಲೆ ಮುಂಚೆಯೇ ಹಳೆಯ ಕೋಡುಗಳನ್ನು ಒಂದೊಂದಾಗಿ ನಿಲ್ಲಿಸಿ, ಮಿಗೋದಲ್ಲೇ ಕೆಲಸ ಮಾಡಿಸಿದೆವು. ಯಾವ ಸಂದರ್ಭಕ್ಕೆ ಯಾವ ಮೂವ್‌ಮೆಂಟ್ ಟೈಪ್ (ಮಾಲು ಎಲ್ಲಿಗೆ ಹೋಯಿತು ಅಂತ ತಿಳಿಸುವ ನಂಬರ್) ಅಂತ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕೌಂಟರಿನ ಮೇಲೆ ಅಂಟಿಸಿದೆ: ಲೈನಿಗೆ ಕೊಟ್ಟರೆ 261, ವಾಪಸ್ ತೆಗೆದುಕೊಂಡರೆ 262, ಜಾಬ್ ವರ್ಕಿಗೆ ಹೋದರೆ 541. ಗಾಬರಿಯೇನಿದ್ದರೂ ಗೊತ್ತಿರುವ ಸಿಸ್ಟಮಿನಲ್ಲೇ ಆಗಿ ಮುಗಿಯಿತು.

ನಾವೇ ಬರೆಸಿಕೊಂಡಿದ್ದ ಜಡ್ ಪ್ರೋಗ್ರಾಂಗಳ ಕಥೆ ಬೇರೆ. ಯಾವುದನ್ನು ಯಾರು ಬಳಸುತ್ತಿದ್ದಾರೆ ಅಂತ ಸಿಸ್ಟಮಿನಲ್ಲೇ ದಾಖಲೆ ಹಿಡಿಯಬಹುದು. ಆ ದಾಖಲೆಯೊಳಗೆ ಒಂದು ಮಾರ್ಚ್ 31 ಬಂದು ಹೋಗಲೇಬೇಕು. ವರ್ಷಕ್ಕೆ ಒಂದೇ ಸಲ, ಆಡಿಟ್ ಹೊತ್ತಿಗೆ ಓಡಿಸುವ ರಿಪೋರ್ಟುಗಳು ಇರುತ್ತವೆ. ನಡುವಿನ ಮೂರು ತಿಂಗಳು ನೋಡಿ 'ಇದು ಬೇಡ' ಅಂದರೆ ಆಡಿಟರ್ ಬಂದಾಗ ಕೈಕಟ್ಟಿ ಕೂರಬೇಕಾಗುತ್ತದೆ. ಯಾರೂ ಬಳಸದವನ್ನು ಅಲ್ಲೇ ಬಿಟ್ಟೆವು. ಉಳಿದವನ್ನು ಹೊಸದಕ್ಕೆ ಒಗ್ಗಿಸಲು ಡೆವಲಪರ್‌ಗೆ ಕೊಟ್ಟೆವು. ಬೆಲೆಯ ವಿವರ ಇರುವ ಕೊನ್ವ್ ಟೇಬಲಿನಿಂದ ನೇರವಾಗಿ ಓದುತ್ತಿದ್ದ ಬಿಲ್ ಪ್ರಿಂಟ್‌ಗಳಿಗೆ ಮೊದಲ ಸರದಿ, ಯಾಕೆಂದರೆ ಎಸ್/4ನಲ್ಲಿ ಆ ವಿವರ ಬೇರೆ ಟೇಬಲಿಗೆ ಹೋಗಿದೆ. ಬಿಲ್ಲೇ ಬರದಿದ್ದರೆ ಲಾರಿ ಗೇಟು ದಾಟುವುದಿಲ್ಲ.

ಹೊಸ ಸಿಸ್ಟಮಿಗೆ ಬದಲಾಗುವ ದಿನ ಗೊತ್ತು ಮಾಡುವಾಗ ಕ್ಯಾಲೆಂಡರ್ ಮುಂದಿಟ್ಟುಕೊಂಡು ಅಕೌಂಟ್ಸ್, ಡಿಸ್ಪ್ಯಾಚ್, ಪ್ರೊಡಕ್ಷನ್ ಮೂವರನ್ನೂ ಕೂರಿಸಿದೆ. ತಿಂಗಳ ಕೊನೆ ಬೇಡ. 11ರ ಜಿಎಸ್‌ಟಿಆರ್-1, 20ರ ಜಿಎಸ್‌ಟಿಆರ್-3ಬಿ ರಿಟರ್ನ್‌ಗಳ ಗಡುವಿನ ಹತ್ತಿರವೂ ಬೇಡ. 20 ದಾಟಿದ ಮೇಲಿನ ವಾರಾಂತ್ಯ ಎಲ್ಲರಿಗೂ ಒಪ್ಪಿಗೆಯಾಯಿತು. ಸಿಸ್ಟಮ್ ನಿಂತಿರುವ ಹೊತ್ತಿನಲ್ಲಿ ಗ್ರಾಹಕರ ಲೈನ್ ನಿಲ್ಲಬಾರದು ಅಂತ ಅವರಿಗೆ ಬೇಕಾದಷ್ಟು ಮಾಲನ್ನು ಮುಂಚೆಯೇ ಬಿಲ್ ಮಾಡಿ ಕಳಿಸಿದೆವು. ಒಳಗೆ ಬರುವ ಲಾರಿಗಳಿಗೆ ಗೇಟಿನಲ್ಲಿ ಒಂದು ರಿಜಿಸ್ಟರ್ ಇಟ್ಟೆವು. ಬಂದ ಸಮಯ, ಗಾಡಿ ನಂಬರ್, ಪಾರ್ಟಿಯ ಬಿಲ್ ನಂಬರ್, ಪಿಒ (ಖರೀದಿ ಆರ್ಡರ್) ನಂಬರ್, ಎಣಿಸಿದ ಲೆಕ್ಕ, ಸಹಿ. ಸಿಸ್ಟಮ್ ಬಂದಮೇಲೆ ಅದೇ ಸರದಿಯಲ್ಲಿ ಎಂಟ್ರಿ ಮಾಡುವವರು ಯಾರು, ಅದನ್ನು ಹೋಲಿಸಿ ನೋಡುವವರು ಯಾರು ಅಂತ ಇಬ್ಬರ ಹೆಸರನ್ನು ಮೊದಲ ಪುಟದಲ್ಲೇ ಬರೆದಿದ್ದೆವು. ಅವರಿಬ್ಬರೂ ಸಹಿ ಹಾಕುವ ತನಕ ಸ್ಟೋರ್ಸಿನಿಂದ ಆ ಮಾಲನ್ನು ಲೈನಿಗೆ ಕೊಡಬಾರದು ಅಂತ ಪ್ರೊಡಕ್ಷನ್ ಕಡೆಯಿಂದಲೂ ಒಪ್ಪಿಗೆ ತೆಗೆದುಕೊಂಡಿದ್ದೆ.